ಬಡ್ತಿಯಿಲ್ಲದ ಜೂನಿಯರ್

ವಕೀಲರ ಕಚೇರಿಯಲ್ಲಿ ಜೂನಿಯರ್ ಅಂದರೆ ಇವತ್ತಲ್ಲ ನಾಳೆ ಸೀನಿಯರ್ ಆಗುವವನು. ಜೂನಿಯರ್ ಕಾಲೇಜು ಎರಡು ವರ್ಷದ ಮಾತು. ತೆಲುಗಿನ ಜೂನಿಯರ್ ಎನ್‌ಟಿಆರ್ ತಾತನ ಹೆಸರಿಗೆ ಹಕ್ಕುದಾರ. ನಮ್ಮ ಆರ್ಕೆಸ್ಟ್ರಾದವರು ಮಾತ್ರ ಈ ಪದವನ್ನು ಬೇರೆಯದೇ ಕೆಲಸಕ್ಕೆ ಹಚ್ಚಿದ್ದಾರೆ. ಗಣೇಶೋತ್ಸವದ ಬ್ಯಾನರಿನಲ್ಲಿ ‘ಜೂನಿಯರ್ ರಾಜ್‌ಕುಮಾರ್’ ಎಂದಿದ್ದರೆ ವಯಸ್ಸು ಕೇಳಬೇಡಿ, ನಂಟೂ ಕೇಳಬೇಡಿ. ಅರವತ್ತು ದಾಟಿದರೂ ಅವರು ಜೂನಿಯರ್ರೇ.

ಈ ಬಿರುದು ಸಿಗುವುದು ಚಹರೆಗೆ. ಖಾಕಿ ಅಂಗಿ ತೊಟ್ಟು ಕತ್ತು ಕುಣಿಸುತ್ತ ಬಂದರೆ ಶಂಕರ್‌ನಾಗ್. ಕೈಯ ಕಡಗ ತಿರುವಿದರೆ ವಿಷ್ಣು. ಬಿಳಿ ಪಂಚೆ ಉಟ್ಟು, ಕೈ ಜೋಡಿಸಿ ‘ಅಭಿಮಾನಿ ದೇವರುಗಳೇ’ ಅಂದರೆ ಸಾಕು, ಶಿಳ್ಳೆ. ಹಾಡು ಮಾತ್ರ ಪಕ್ಕದಲ್ಲಿ ಮೈಕ್ ಹಿಡಿದು ನಿಂತವನದು. ಅವನಿಗೆ ಜೂನಿಯರ್ ಪಟ್ಟವಿಲ್ಲ. ‘ಥೇಟ್ ಅಣ್ಣಾವ್ರ ವಾಯ್ಸು’ ಎಂಬ ಮೆಚ್ಚುಗೆ ಅಷ್ಟೆ.

ಹಾಗೆ ನೋಡಿದರೆ ಕಷ್ಟ ಹೆಚ್ಚು ಅವನಿಗೇ. ರಾಜ್‌ಕುಮಾರ್ ಹಾಡು ಅಂದರೆ ಒಂದು ದನಿಯಲ್ಲ, ಎರಡು. ಹಳೆಯ ಚಿತ್ರಗಳಲ್ಲಿ ಬಹುಪಾಲು ಪಿ.ಬಿ. ಶ್ರೀನಿವಾಸರ ಮೆತ್ತನೆಯ, ತಗ್ಗಿದ ಕಂಠ. 1974ರ ‘ಸಂಪತ್ತಿಗೆ ಸವಾಲ್’ನಿಂದೀಚೆಗೆ ರಾಜ್ ತಾವೇ ಹಾಡತೊಡಗಿದರು: ಗುಬ್ಬಿ ಕಂಪನಿಯಲ್ಲಿ ಪಳಗಿದ ಬಿಚ್ಚು ಗಂಟಲು, ಜೊತೆಗೆ ತುಸು ಮೂಗಿನ ನಾದ. ಒಂದೇ ಮೆಡ್ಲೆಯಲ್ಲಿ ಎರಡೂ ಕಾಲದ ಹಾಡು ಬಂದರೆ ಗಾಯಕ ನಡುವೆಯೇ ಗಂಟಲು ಬದಲಿಸಬೇಕು. ಎದುರಿಗೆ ಕುಣಿಯುವ ಜೂನಿಯರ್‌ಗೆ ಅದರ ಗೊಡವೆಯಿಲ್ಲ. ಅಸಲಿ ರಾಜ್‌ಕುಮಾರರಿಗೇ ಅಷ್ಟು ವರ್ಷ ಇನ್ನೊಬ್ಬರ ದನಿ ಒಪ್ಪಿತ್ತಲ್ಲ!

ಆದರೆ ದನಿಗೆ ಬಡ್ತಿಯುಂಟು. 1980ರಲ್ಲಿ ಮೊಹಮ್ಮದ್ ರಫಿ ತೀರಿಕೊಂಡ ಮೇಲೆ ಶಬ್ಬೀರ್ ಕುಮಾರ್, ಮೊಹಮ್ಮದ್ ಅಜೀಜ್ ಅದೇ ಜಾಡಿನಲ್ಲಿ ಬಂದರು. ಸೋನು ನಿಗಮ್ ಕೂಡ ಮೊದಮೊದಲು ರಫಿ ಹಾಡುಗಳ ಮರುಗಾಯನದ ಕ್ಯಾಸೆಟ್ಟುಗಳಿಂದಲೇ ಪರಿಚಿತರಾದವರು. 2006ರಲ್ಲಿ ಅವರು ಹಾಡಿದ ‘ಮುಂಗಾರು ಮಳೆ’ ಬಂದಾಗ ಕನ್ನಡಿಗರು ಆ ದನಿಯಲ್ಲಿ ರಫಿಯನ್ನು ಹುಡುಕಲಿಲ್ಲ. ಈಗ ನಮ್ಮೂರ ವೇದಿಕೆಗಳಲ್ಲಿ ಹುಡುಗರು ‘ಥೇಟ್ ಸೋನು’ ಥರ ಹಾಡುತ್ತಾರೆ. ಗಾಯಕನೊಬ್ಬ ಸೀನಿಯರ್ ಆದ ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಮುಖದವರಿಗೆ ಆ ದಾರಿಯಿಲ್ಲ. ಜೂನಿಯರ್ ರಾಜ್‌ಕುಮಾರ್ ಎಷ್ಟೇ ಹೆಸರು ಮಾಡಲಿ, ಅವರನ್ನು ನೋಡಿ ಕಲಿತ ಶಿಷ್ಯನೊಬ್ಬ ವೇದಿಕೆ ಹತ್ತಿದರೆ ಅವನೂ ಜೂನಿಯರ್ ರಾಜ್‌ಕುಮಾರೇ.