ರೂಟರ್ ಅಣ್ಣ, ಹಬ್ ತಮ್ಮ

ಹಬ್, ಸ್ವಿಚ್, ರೂಟರ್ ನಡುವೆ ಏನು ವ್ಯತ್ಯಾಸ? ಕ್ಯಾಂಪಸ್ ಇಂಟರ್‌ವ್ಯೂಗೆ ಕೂತವರಿಗೆಲ್ಲ ಉತ್ತರ ಬಾಯಿಪಾಠ. ಹಬ್ ದಡ್ಡ, ಬಂದದ್ದನ್ನು ಎಲ್ಲ ತಂತಿಗೂ ಕೂಗಿಬಿಡುತ್ತೆ. ಸ್ವಿಚ್‌ಗೆ ಯಾವ ತಂತಿಯ ತುದಿಯಲ್ಲಿ ಯಾರಿದ್ದಾರೆ ಅಂತ ಗೊತ್ತು, ಅವರಿಗೆ ಮಾತ್ರ ಕೊಡುತ್ತೆ. ರೂಟರ್ ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾರಿ ಹುಡುಕುತ್ತೆ. ಉತ್ತರ ಸರಿಯೇ. ಆದರೆ ಇದೇ ಕ್ರಮದಲ್ಲಿ ಕಲಿತದ್ದರಿಂದ, ದಡ್ಡ ಡಬ್ಬಿಯೇ ಬುದ್ಧಿ ಬೆಳೆದು ಕೊನೆಗೆ ರೂಟರ್ ಆಯಿತು ಅನ್ನೋ ಭಾವನೆ ಉಳಿದುಬಿಡುತ್ತೆ. ನಡೆದದ್ದು ಹೆಚ್ಚುಕಡಿಮೆ ಉಲ್ಟಾ.

ಮೊದಲು ಹುಟ್ಟಿದ್ದು ರೂಟರ್. ಅದೂ ಯಾರಿಗೂ ತಮ್ಮ ಕಂಪ್ಯೂಟರ್ ಬಿಟ್ಟುಕೊಡಲು ಮನಸ್ಸಿಲ್ಲದ ಕಾರಣಕ್ಕೆ! 1967ರಲ್ಲಿ ಅಮೆರಿಕದ ಆರ್ಪಾ ಸಂಸ್ಥೆಯ ಲ್ಯಾರಿ ರಾಬರ್ಟ್ಸ್ ದೂರದೂರದ ವಿಶ್ವವಿದ್ಯಾಲಯಗಳ ಕಂಪ್ಯೂಟರ್‌ಗಳನ್ನು ಜೋಡಿಸಲು ಹೊರಟಾಗ ಅಲ್ಲಿನವರು ಮುಖ ಸಿಂಡರಿಸಿದರು. ದುಬಾರಿ ಯಂತ್ರದ ಸಮಯವನ್ನು ಕಂಡವರ ಸಂದೇಶ ಸಾಗಿಸಲು ಯಾಕೆ ಕೊಡಬೇಕು? ದೊಡ್ಡ ಯಂತ್ರವನ್ನು ಅದರ ಪಾಡಿಗೆ ಬಿಟ್ಟು, ಪಕ್ಕದಲ್ಲಿ ಒಂದು ಚಿಕ್ಕ ಕಂಪ್ಯೂಟರ್ ಇಟ್ಟು ಸಾಗಣೆ ಕೆಲಸ ಅದಕ್ಕೇ ಒಪ್ಪಿಸುವ ಉಪಾಯ ಹೇಳಿದವರು ವೆಸ್ಲಿ ಕ್ಲಾರ್ಕ್. ಅದೇ ‘ಇಂಪ್’ (ನಮ್ಮ ಇಂಪಿಗೂ ಇದಕ್ಕೂ ಸಂಬಂಧವಿಲ್ಲ). ಬಿಬಿಎನ್ ಕಂಪನಿ ಹನಿವೆಲ್ ಡಿಡಿಪಿ-516 ಕಂಪ್ಯೂಟರನ್ನು ಮಾರ್ಪಡಿಸಿ ಮಾಡಿದ, ಫ್ರಿಜ್ ಗಾತ್ರದ ‘ಚಿಕ್ಕ’ ಕಂಪ್ಯೂಟರ್. 1969ರ ಅಕ್ಟೋಬರ್ 29ರ ರಾತ್ರಿ ಇಂಥ ಇಂಪ್‌ಗಳ ಮೂಲಕ ಲಾಸ್ ಏಂಜಲಿಸ್‌ನಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ‘ಲಾಗಿನ್’ ಎಂಬ ಪದ ಕಳಿಸಹೊರಟರು. ಎರಡು ಅಕ್ಷರ ತಲುಪುವಷ್ಟರಲ್ಲಿ ಕ್ರ್ಯಾಶ್. ಐಪಿ ವಿಳಾಸ ಇನ್ನೂ ಹುಟ್ಟಿರಲಿಲ್ಲ, ಆದರೆ ಇಂಪ್ ಮಾಡುತ್ತಿದ್ದದ್ದು ರೂಟರ್ ಕೆಲಸವನ್ನೇ. ಹಬ್ಬೂ ಇಲ್ಲ, ಸ್ವಿಚ್ಚೂ ಇಲ್ಲ. ಒಂದೇ ಕಟ್ಟಡದೊಳಗೆ ಜೋಡಿಸುವಷ್ಟು ಕಂಪ್ಯೂಟರ್ ಆಗ ಎಷ್ಟು ಜನರ ಹತ್ರ ಇದ್ದವು?

ಆ ಕಾಲ ಬಂದದ್ದು ಪ್ರತಿ ಮೇಜಿಗೂ ಒಂದು ಕಂಪ್ಯೂಟರ್ ಇಡಲು ಹೊರಟ ಜೆರಾಕ್ಸ್ ಪಾರ್ಕ್‌ನಲ್ಲಿ. 1973ರಲ್ಲಿ ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅಲ್ಲಿ ಶುರುಮಾಡಿದ ಈಥರ್ನೆಟ್‌ನಲ್ಲಿ ಡಬ್ಬಿಯೇ ಇಲ್ಲ. ಉದ್ದಕ್ಕೆ ಒಂದೇ ಕೇಬಲ್, ಎಲ್ಲರೂ ಅದಕ್ಕೇ ತಗುಲಿಕೊಂಡವರು. ಒಬ್ಬ ಮಾತಾಡಿದರೆ ಎಲ್ಲರಿಗೂ ಕೇಳುತ್ತೆ.

ಜನ ಹೆಚ್ಚಿದರೆ? ಎರಡು ಕೇಬಲ್ ನಡುವೆ ರೂಟರ್ ಇಡಬಹುದಿತ್ತು. ಆದರೆ ಆಗಿನ ಎಷ್ಟೋ ಸಾಫ್ಟ್‌ವೇರ್‌ಗಳ ಸಂದೇಶದಲ್ಲಿ ರೂಟರ್ ಓದುವಂಥ ವಿಳಾಸವೇ ಇರುತ್ತಿರಲಿಲ್ಲ. ಹಾಗಾಗಿ ಡಿಇಸಿ ಕಂಪನಿ ‘ಬ್ರಿಡ್ಜ್’ ಮಾಡಿತು: ಯಾರು ಯಾವ ಕಡೆಯಿಂದ ಮಾತಾಡಿದರು ಅಂತ ಕೇಳಿಸಿಕೊಂಡು ಗುರುತಿಟ್ಟುಕೊಳ್ಳುವ ಡಬ್ಬಿ. ಅದರಲ್ಲೊಂದು ಅಪಾಯವಿತ್ತು. ದಾರಿ ಸುತ್ತುಹಾಕಿ ಹೊರಟಲ್ಲಿಗೇ ಬಂದರೆ ಸಂದೇಶ ಸುತ್ತುತ್ತಲೇ ಇರುತ್ತೆ, ಪ್ರತಿ ಸುತ್ತಿಗೂ ಪ್ರತಿಗಳು ಹೆಚ್ಚುತ್ತವೆ. ಇಷ್ಟು ದಾಟಿದ ಮೇಲೆ ಸಾಯಿ ಅನ್ನುವ ಲೆಕ್ಕ ಈಥರ್ನೆಟ್ ಸಂದೇಶದಲ್ಲಿ ಇಲ್ಲ. ಅದನ್ನು ಬಿಡಿಸಿದವರು ಅಲ್ಲಿನ ರೇಡಿಯಾ ಪರ್ಲ್‌ಮನ್. ಬ್ರಿಡ್ಜ್‌ಗಳೇ ಪರಸ್ಪರ ಮಾತಾಡಿಕೊಂಡು ಒಂದನ್ನು ಯಜಮಾನ ಮಾಡಿ, ಹೆಚ್ಚುವರಿ ದಾರಿಗಳನ್ನು ಮುಚ್ಚಿಡುವ ವಿಧಾನ, ಸ್ಪ್ಯಾನಿಂಗ್ ಟ್ರೀ. 1985ರಲ್ಲಿ ಪ್ರಕಟವಾಯಿತು. ನನಗೆ ಸೋಜಿಗ ಅನಿಸೋದು, ಇಡೀ ಬ್ರಿಡ್ಜ್ ಯೋಜನೆಯೇ ತಾತ್ಕಾಲಿಕ ತೇಪೆ, ಸರಿಯಾದ ದಾರಿ ರೂಟರ್ ಅಂತ ನಂಬಿದ್ದವರೇ ಆಕೆ! ತೇಪೆ ಇನ್ನೂ ಇದೆ. ನಾನಿದ್ದ ಒಂದು ಆಫೀಸಿನಲ್ಲಿ ಇದನ್ನು ಆಫ್ ಮಾಡಿಟ್ಟಿದ್ದರು. ಯಾರೋ ಮೀಟಿಂಗ್ ರೂಮಿನಲ್ಲಿ ನೇತಾಡುತ್ತಿದ್ದ ಕೇಬಲ್ಲಿನ ಎರಡೂ ತುದಿಯನ್ನು ಗೋಡೆಗೆ ಚುಚ್ಚಿ ಹೋದರು. ಊಟದ ಹೊತ್ತಿನವರೆಗೆ ಇಡೀ ಫ್ಲೋರ್ ಬಂದ್.

ಹಬ್ ಆಫೀಸುಗಳಿಗೆ ಬಂದದ್ದು 80ರ ದಶಕದ ಕೊನೆಗೆ, ದಪ್ಪ ಕೇಬಲ್ ಬದಲು ಟೆಲಿಫೋನ್ ಮಾದರಿಯ ತಂತಿ ಎಳೆಯುವಾಗ. ಅದನ್ನು ದಡ್ಡ ಅನ್ನೋದು ಅನ್ಯಾಯ. ಅದು ಪೆಟ್ಟಿಗೆಯೊಳಗೆ ಮಡಚಿಟ್ಟ ಹಳೇ ಕೇಬಲ್, ಅಷ್ಟೇ.

ಇನ್ನು ಸ್ವಿಚ್. 1990ರಲ್ಲಿ ಏಳು ಪೋರ್ಟಿನ ಈಥರ್‌ಸ್ವಿಚ್ ತಂದ ಕಂಪನಿಯ ಹೆಸರು ಕಲ್ಪನಾ! ಸ್ಥಾಪಕರಲ್ಲೊಬ್ಬರಾದ ಭಾರತ ಮೂಲದ ವಿನೋದ್ ಭಾರದ್ವಾಜ್ ಹೆಂಡತಿಯ ಹೆಸರಿಟ್ಟಿದ್ದರು. ಒಳಗೆ ನೋಡಿದರೆ ಅದು ಹಲವು ಪೋರ್ಟಿನ ವೇಗದ ಬ್ರಿಡ್ಜ್. ಹೆಸರು ಮಾತ್ರ ಹೊಸದು. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡುಕೊಂಡಿತು.

ನಿಮ್ಮ ಮನೆಯ ‘ರೂಟರ್’ ಡಬ್ಬಿಯೊಳಗೆ ಇಂಪ್‌ನ ಮೊಮ್ಮಗನೂ ಕಲ್ಪನಾಳ ಮೊಮ್ಮಗನೂ ಒಟ್ಟಿಗೇ ಇದ್ದಾರೆ, ಜೊತೆಗೆ ವೈಫೈ. ಮುಂದಿನ ಸಲ ನೆಟ್ ಹೋದಾಗ ಹಿಂದಿನ ಪೋರ್ಟ್‌ಗಳಿಗೆ ಎರಡು ಲ್ಯಾಪ್‌ಟಾಪ್ ಚುಚ್ಚಿ, ಒಂದರಿಂದ ಇನ್ನೊಂದಕ್ಕೆ ಫೈಲ್ ಕಳಿಸಿ ನೋಡಿ. ಹೋಗುತ್ತೆ. ಅದು ಸ್ವಿಚ್.