ಎರೆ ನೆಲದ ಮುಲ್ಲಂಗಿ

ನಮ್ಮ ಆದವಾನಿ ಸೀಮೆಯ ಚರಿತ್ರೆ ಬರೆಯೋರು ಕೋಟೆಯಿಂದಲೇ ಸುರು ಮಾಡುತ್ತಾರೆ. ವಿಜಯನಗರದವರು, ಬಿಜಾಪುರದವರು, ಮೊಗಲರು, 1786ರಲ್ಲಿ ಟಿಪ್ಪು, 1800ರಲ್ಲಿ ನಿಜಾಮನಿಂದ ಕುಂಪಣಿ ಸರಕಾರಕ್ಕೆ. ನಾನೂ ಮೇಷ್ಟ್ರಾಗಿ ಇದನ್ನೇ ಹೇಳಿಕೊಟ್ಟೆ. ಹಿತ್ತಲಿಗೆ ಒಂದು ಚರಿತ್ರೆ ಇರಬಹುದು ಅಂತ ಹೊಳೆದದ್ದು ಪಿಂಚಣಿ ಬಂದ ಮೇಲೆ, ಕೈಯಲ್ಲಿ ಸಲಿಕೆ ಹಿಡಿದಾಗ.

ಅಡಿಗೆ, ಗಿಡ, ಬಾವಿ ಇವೆಲ್ಲ ಬರೆಯೋ ಸಂಗತಿಯೇ ಅನ್ನಬೇಡಿರಿ. ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯ ಎಂಬವನು ‘ಲೋಕೋಪಕಾರ’ ಅಂತ ಕನ್ನಡದಲ್ಲೇ ಬರೆದ. ನೆಲದೊಳಗಿನ ನೀರು ಹುಡುಕೋದು, ಗಿಡಗಳ ಆರೈಕೆ, ಅಡಿಗೆ ಎಲ್ಲವೂ ಅದರಲ್ಲಿವೆ. ಆಮೇಲೆ ಬಂದ ಕಾಗದಪತ್ರಗಳಿಗೆ ಕಂದಾಯದ್ದೇ ಚಿಂತೆ. ಮನ್ರೋ ಸಾಹೇಬ 1800ರಿಂದ 1807ರ ತನಕ ಇಲ್ಲಿ ಕಲೆಕ್ಟರಾಗಿದ್ದು ಅಳೆಸಿದಾಗ ಭೂಮಿ ಖುಷ್ಕಿ, ತರಿ, ಬಾಗಾಯತು ಅಂತ ಮೂರು ಪಾಲಾಯಿತು. ನಮ್ಮವ್ವನ ಬಚ್ಚಲ ಹಿಂದಿನ ಎರಡು ಮಡಿ ಈ ಮೂರರಲ್ಲಿ ಯಾವುದಕ್ಕೂ ಸೇರವು.

ಅವ್ವ ಸೊಸೆಯಾಗಿ ಬಂದಾಗ ನಮ್ಮೂರು ಬಳ್ಳಾರಿ ಜಿಲ್ಲೆ. ನಾನು ಹುಟ್ಟುವ ಹೊತ್ತಿಗೆ ಕರ್ನೂಲು ಜಿಲ್ಲೆ. 1953ರ ಅಕ್ಟೋಬರ್ 1ಕ್ಕೆ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಹೋಯಿತು. ಮನೆ ಮನೆ ಕದಲಲಿಲ್ಲ, ಗಡಿ ಕದಲಿತು. ಪುಸ್ತಕದ ಕನ್ನಡದಲ್ಲಿ ಮೂಲಂಗಿ ಅಂತ ಬರೆಯುತ್ತಾರೆ. ನಮ್ಮ ಬಾಯಲ್ಲಿ ಅದು ಮುಲ್ಲಂಗಿ, ಪಕ್ಕದ ಮನೆಯ ತೆಲುಗಿನವರ ಬಾಯಲ್ಲೂ ಮುಲ್ಲಂಗಿಯೇ. ಸಂತೆಯಲ್ಲಿ ಈ ಒಂದು ಗಡ್ಡೆಗಾದರೂ ದುಭಾಷಿ ಬೇಕಾಗಲಿಲ್ಲ.

ಅವ್ವನ ಕಾಲಕ್ಕೆ ಮುಲ್ಲಂಗಿ ಬಾವಿ ಇದ್ದವರ ಭಾಗ್ಯ. ಇದು ಹತ್ತಿ, ಜ್ವಾಳದ ಎರೆ ಸೀಮೆ. 1876-78ರ ಬರ, ಹಿರಿಯರು ಧಾತು ವರ್ಷದ ಬರ ಅನ್ನುತ್ತಿದ್ದರಲ್ಲ, ಮದರಾಸು ಪ್ರಾಂತದಲ್ಲಿ ಹೆಚ್ಚು ಸುಟ್ಟ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅದನ್ನು ಕೇಳಿಕೊಂಡು ಬೆಳೆದ ಅತ್ತೆಯ ಕೈಕೆಳಗೆ ಪಳಗಿದವಳು ಅವ್ವ. ಮುಸುರೆ ನೀರು ಎಮ್ಮೆಗೆ, ಸ್ನಾನದ ನೀರು ಮಡಿಗೆ. ಒಂದು ಹನಿ ಬೀದಿಗೆ ಹೋದರೆ ಬೈಗುಳ ಬೀಳುತ್ತಿತ್ತು. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಬಳ್ಳಾರಿ ದಾಟಿ ಈ ಕಡೆಗೆ ಬಂದ ಮೇಲೆ ಕಾಲುವೆಯ ಮಗ್ಗುಲ ಊರುಗಳಲ್ಲಿ ಕಾಯಿಪಲ್ಲೆ ಹೆಚ್ಚಿತು. ಜಿಲ್ಲೆ ಕಳೆದುಕೊಂಡೆವು, ನೀರು ಪಡೆದೆವು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನನಗೆ ಆಗುವುದಿಲ್ಲ.

ಎಲ್ಲರ ಮನೆಯಲ್ಲೂ ಇದನ್ನು ತಿನ್ನುತ್ತಿರಲಿಲ್ಲ. ಮಂತ್ರಾಲಯ ಹತ್ತಿರದ ಸೀಮೆ ಇದು. ಮಡಿವಂತರ ಕೆಲವು ಮನೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಜೊತೆ ಮುಲ್ಲಂಗಿಯೂ ಒಲೆ ಹತ್ತುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಗಡ್ಡೆ ಸಾರಿಗೆ, ಸೊಪ್ಪು ಪಲ್ಯಕ್ಕೆ.

ಈಗ ನನ್ನ ಫಜೀತಿ ಕೇಳಿರಿ. ಮೊದಲ ವರ್ಷ ಎರೆ ಮಣ್ಣನ್ನು ಹಾಗೇ ಅಗೆದು, ಹಸಿ ಸಗಣಿ ಸುರಿದು ಬೀಜ ಚೆಲ್ಲಿದೆ. ಕಿತ್ತರೆ ಮೂರು ಕಾಲಿನ ಗಡ್ಡೆ, ಕೆಲವು ಮಣ್ಣಲ್ಲೇ ಮುರಿದವು. ಅವ್ವ ಆಗ ಇರಲಿಲ್ಲ, ಅವಳ ಮಾತು ನೆನಪಾಯಿತು: “ಎರೆ ಹಿಡಿದುಕೊಳ್ಳುತ್ತದೆ, ಬೇರಿಗೆ ದಾರಿ ಬಿಡೋದಿಲ್ಲ.” ಎರೆ ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿದು ಕಲ್ಲಾಗುತ್ತದೆ. ನಟ್ಟನೆ ಇಳಿಯೋ ಬೇರಿಗೆ ಹೆಂಟೆ ಅಡ್ಡ ಬಂದರೆ ಅದು ಕವಲೊಡೆಯುತ್ತದೆ. ಹಸಿ ಗೊಬ್ಬರದಿಂದಲೂ ಅದೇ ಗತಿ.

ಮರುವರ್ಷ ಹಳ್ಳದ ಉಸುಕು, ಹಳೇ ತಿಪ್ಪೆಗೊಬ್ಬರ ಬೆರೆಸಿ, ಗೇಣೆತ್ತರ ಮಡಿ ಏರಿಸಿದೆ. ದಸರೆ ಮುಗಿದು ಬಿಸಿಲು ಇಳಿದ ಮೇಲೆ ಬೀಜ ಹಾಕಿದೆ. ಇದನ್ನು ಅಗೆ ಮಾಡಿ ನಾಟುವಂತಿಲ್ಲ, ಇದ್ದಲ್ಲೇ ಬಿತ್ತಬೇಕು. ಅರ್ಧ ಅಂಗುಲ ಆಳ ಸಾಕು. ಸಸಿ ಬೆರಳೆತ್ತರ ಆದಾಗ ನಡುವೆ ಮೂರು ನಾಲ್ಕು ಅಂಗುಲ ಬಿಟ್ಟು ಉಳಿದದ್ದು ಕೀಳಬೇಕು. ಇಲ್ಲೇ ನಮ್ಮ ಕೈ ಹಿಂಜರಿಯುತ್ತದೆ. ಅವ್ವನ ಕೈ ಹಿಂಜರಿಯಲಿಲ್ಲ, ಕಿತ್ತ ಸಸಿ ಆ ದಿನವೇ ಪಲ್ಯ. ನೀರು ಒಂದೇ ಸಮ ಕೊಡಬೇಕು. ವಾರ ಒಣಗಿಸಿ ಒಮ್ಮೆಗೇ ಕಟ್ಟಿದರೆ ಗಡ್ಡೆ ಸೀಳುತ್ತದೆ. ಎಲೆಗೆ ಹುಳ ಬಿದ್ದರೆ ಬೆಳಗಿನ ಇಬ್ಬನಿಯಲ್ಲಿ ಒಲೆ ಬೂದಿ ಎರಚುತ್ತಿದ್ದಳು.

ತಳಿ ಕೇಳುವವರಿಗೆ: ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ನಿಶಾಂತ್ ಬೇಗ ಬೆಂಡಾಗುವುದಿಲ್ಲ. ಬೇಸಿಗೆಗೆ ಪೂಸಾ ಚೇತಕಿ ತಡೆಯುತ್ತದೆ. ಯಾವುದೇ ಇರಲಿ, ನಲವತ್ತೈದು ಐವತ್ತು ದಿನಕ್ಕೆ ಕಿತ್ತುಬಿಡಿರಿ. ಇನ್ನೂ ದಪ್ಪ ಆಗಲಿ ಅಂತ ಕಾಯ್ದವನಿಗೆ ಬೆಂಡು, ಖಾರ.

ಪ್ರತಿ ವರ್ಷ ಎರಡು ಗಿಡ ಕೀಳದೆ ಬಿಡುತ್ತೇನೆ. ಹೂವಾಗಿ, ಕಾಯಿ ಒಣಗಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ತೊಲೆಗೆ ತೂಗುಹಾಕುತ್ತೇನೆ, ಅವ್ವ ಹಾಕುತ್ತಿದ್ದ ಮೊಳೆಗೇ. ಬೇಕಾದವರು ಸಂಜೆ ವಾಚನಾಲಯಕ್ಕೆ ಬಂದಾಗ ಕೇಳಿರಿ, ಒಂದು ಹಿಡಿ ಕೊಡುತ್ತೇನೆ.