ಹಲಗಲಿಯ ಕೋವಿಯೂ ಕೊಡಗಿನ ಕೋವಿಯೂ

ಆಯುಧವನ್ನು ಮನೆಯಲ್ಲಿಡಲು ಸರಕಾರದ ಅಪ್ಪಣೆ ಬೇಕೆಂಬ ಮಾತು ನಮ್ಮ ಹಳ್ಳಿಗಳಿಗೆ ಹೊಸದು. 1857ರಲ್ಲಿ ಶಸ್ತ್ರಗಳನ್ನೊಪ್ಪಿಸಬೇಕೆಂಬ ಶಾಸನವು ಹೊರಟಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಲ್ಲೆವೆಂದು ನಿಂತರು. ಬೇಟೆಯೂ ಬಂಟತನವೂ ಅವರ ಜೀವನವಷ್ಟೆ. ಕತ್ತಿ ಕೋವಿಗಳನ್ನು ಕೊಟ್ಟ ಬಳಿಕ ಉಳಿಯುವುದಾದರೂ ಏನು? ನವೆಂಬರದ ಕೊನೆಯಲ್ಲಿ ಆಂಗ್ಲರ ದಂಡು ಊರಿಗೆ ಬೆಂಕಿಯಿಟ್ಟಿತು; ಅನೇಕರು ಮಡಿದರು, ಸೆರೆಸಿಕ್ಕವರಲ್ಲಿ 19 ಮಂದಿ ಗಲ್ಲಿಗೇರಿದರು. ಲಾವಣಿಕಾರರು ಇದನ್ನು ಮರೆಯಗೊಡಲಿಲ್ಲ.

ನಾಲ್ಕೇ ವರ್ಷಗಳಲ್ಲಿ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನನು ಕೊಡವರನ್ನು ಅವರ ರಾಜನಿಷ್ಠೆಯನ್ನು ಮೆಚ್ಚಿ ಈ ಕಟ್ಟಳೆಯಿಂದ ಬಿಟ್ಟನು. ಒಂದೆಡೆ ಅಪರಾಧವಾದುದು ಇನ್ನೊಂದೆಡೆ ಉಂಬಳಿಯಾಯಿತು! ಹುಟ್ಟುಹಕ್ಕೆಂದು ತಿಳಿದಿದ್ದುದು ದೊರೆಯ ಪ್ರಸಾದವಾಗಿ ಮಾರ್ಪಟ್ಟುದು ಈ ಕಾಲದಲ್ಲಿಯೇ.

1878ರ ಶಾಸನವು ಲೈಸೆನ್ಸಿನ ಕಟ್ಟನ್ನು ಬಿಗಿಮಾಡಿತು. 1931ರ ಕರಾಚಿ ಕಾಂಗ್ರೆಸ್ಸು ಶಸ್ತ್ರಧಾರಣೆಯನ್ನು ಪ್ರಜೆಯ ಹಕ್ಕುಗಳಲ್ಲಿ ಎಣಿಸಿತ್ತು. ಆದರೂ ಸ್ವತಂತ್ರ ಭಾರತದ 1959ರ ಶಾಸನವು ಲೈಸೆನ್ಸನ್ನು ಉಳಿಸಿಕೊಂಡಿತು. ಅಧಿಕಾರವು ಕೈಗೆ ಬಂದ ಮೇಲೆ ಕೋವಿಯು ಬೇರೆಯಾಗಿ ಕಾಣುವುದು ಸಹಜವೇ.

ಕೊಡಗಿನ ವಿನಾಯಿತಿ ಮಾತ್ರ ನಿಂತಿದೆ. 2021ರಲ್ಲಿ ಕರ್ನಾಟಕದ ಉಚ್ಚನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್‌ಪೊಳ್ದ್ ಹಬ್ಬದಂದು ಕೋವಿಯನ್ನು ದೇವರ ದೀಪದೆದುರಿಗಿಟ್ಟು, ಅದರ ನಳಿಗೆಗೆ ತೋಕ್‌ಪೂವನ್ನು ಮುಡಿಸುತ್ತಾರೆ.